ಥಿಯೇಟರಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಪ್ರೀತಿಯ ಅಪ್ಪನಿಗೆ, ನಿನ್ನ ಎಸ್ತುವಿನ ವಂದನೆ.

ಮೊದಲು ಕೂತುಕೋ. ನೀನಿರುವ ಕಡೆ ಕೂರಲು ಮಣೆ ಇದೆಯೋ ಇಲ್ಲವೋ ಗೊತ್ತಿಲ್ಲ, ಇದ್ದರೆ ಕೂತುಕೋ. ನಾನು ಸಿನಿಮಾ ನೋಡಿದೆ. ಚಿಕ್ಕೋಡಿಯಲ್ಲಿ, ಮಧ್ಯಾಹ್ನದ ಆಟ, ಅದೂ ಹೊಡೆದಾಟದ ಸಿನಿಮಾ. ನಲವತ್ತು ದಾಟಿದ ಹೆಂಗಸು, ಸಂಡೇ ಸ್ಕೂಲಿನ ಟೀಚರು, ಅಥಣಿಯ ಬೋಧಕನ ಮಗಳು, ಒಬ್ಬಳೇ ಹೋಗಿ ನೋಡಿದೆ. ಬೈಯುವುದಿದ್ದರೆ ಪತ್ರ ಮುಗಿದ ಮೇಲೆ ಬೈ. ಯಾಕೆಂದರೆ ಅಲ್ಲಿ ನನಗೆ ಇಬ್ಬರು ಸಿಕ್ಕರು. ಒಬ್ಬ ಯೇಸುಸ್ವಾಮಿ. ಇನ್ನೊಬ್ಬ ನಿನ್ನ ಮಗ ದಾನು. ಹೌದಪ್ಪಾ, ಇಪ್ಪತ್ತೆರಡು ವರ್ಷದಿಂದ ನಮ್ಮ ಹೊಸ್ತಿಲು ತುಳಿಯದ ನನ್ನ ತಮ್ಮ.

ನಿನಗೆ ನೆನಪಿದೆಯೇ, ಭಾನುವಾರ ನೀನು ಚರ್ಚಿನ ಮೆಟ್ಟಿಲ ಬಳಿ ನಿಂತು ಚಪ್ಪಲಿ ನೋಡುತ್ತಿದ್ದದ್ದು? ಆರು ದಿನ ಚಪ್ಪಲಿ ಹೊಲಿದು ಏಳನೆಯ ದಿನ ಬೋಧನೆ ಮಾಡುವವನು ನೀನು. ಸಭೆಯವರೆಲ್ಲ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಜಮಖಾನೆಯ ಮೇಲೆ ಕೂರುತ್ತಿದ್ದರು. ಆ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಹೇಳಿಬಿಡುತ್ತಿದ್ದೆ. ಎಲ್ಲವೂ ನಿನ್ನ ಕೈಯವೇ ತಾನೆ. ಒಮ್ಮೆ ಪ್ರಾರ್ಥನೆಯ ನಡುವೆಯೇ ಕಣ್ಣು ತೆರೆದು, ಶಾಂತವ್ವನ ಚಪ್ಪಲಿ ಕಾಣಲಿಲ್ಲ, ಜ್ವರವೇನಾದರೂ ಬಂದಿದೆಯೇ ಎಂದು ಕೇಳಿದೆ. ಆಮೆನ್ ಹೇಳಬೇಕಾದವರೆಲ್ಲ ನಕ್ಕುಬಿಟ್ಟರು.

ಈಗ ಆ ದಿನದ ಮಾತು ಬರೆಯಲೇಬೇಕು. ದಾನುವಿಗೆ ಆಗ ಹದಿನೈದು. ಅವನು ನಮ್ಮೂರಿನ ಥಿಯೇಟರಿನಲ್ಲಿ ಕೂತಿದ್ದಾನೆಂದು ಯಾರೋ ಬಂದು ನಿನ್ನ ಕಿವಿಯೂದಿದರು. ಕೈಯಲ್ಲಿದ್ದ ಅರ್ಧ ಹೊಲಿದ ಚಪ್ಪಲಿ ಸಮೇತ ನೀನು ಎದ್ದು ಹೋದೆ. ನಾನು ಹಿಂದೆ ಓಡಿ ಬಂದೆ. ನೀನು ಬಾಗಿಲಲ್ಲಿ ನಿಂತು ಅವನನ್ನು ಹೊರಗೆ ಕರೆಸಿದೆ, ಜನರೆಲ್ಲ ನೋಡುತ್ತಿರುವಾಗ ಅದೇ ಚಪ್ಪಲಿಯಿಂದ... ನಾನು ಬರೆಯುವುದಿಲ್ಲ, ನಿನಗೇ ಗೊತ್ತು. ಬಾರುಕೋಲಿನಿಂದ ಹೊಡೆದಿದ್ದರೂ ಅವನು ಮರೆಯುತ್ತಿದ್ದನೇನೋ. ನೀನು ಹೊಲಿದು ಕೊಟ್ಟಿದ್ದ, ಕಾಲಿನಲ್ಲಿದ್ದ ಜೋಡನ್ನು ಅಲ್ಲೇ ಬಿಟ್ಟು ಅವನು ಬರಿಗಾಲಲ್ಲಿ ಹೋದ. ಮೂರು ವರ್ಷದ ಹಿಂದೆ ನಿನ್ನ ಮಣ್ಣಿಗೆ ಬಂದವನು ಸ್ಮಶಾನದ ಗೇಟಿನಾಚೆ ಬೂಟು ಹಾಕಿಕೊಂಡು ನಿಂತಿದ್ದ. ಒಳಗೆ ಬರಲಿಲ್ಲ.

ಹೋಗಲಿ, ಈಗ ಸಿನಿಮಾಕ್ಕೆ ಬರುತ್ತೇನೆ, ನನಗೆ ತಡೆಯಲಾಗುತ್ತಿಲ್ಲ. ಮೊನ್ನೆ ಸಂಡೇ ಸ್ಕೂಲಿನಲ್ಲಿ ನಾನು ದೈತ್ಯ ಗೊಲ್ಯಾತನ ಕತೆ ಹೇಳುತ್ತಿದ್ದರೆ ಮಕ್ಕಳೆಲ್ಲ ಯಾವುದೋ ಹೀರೋ ಒಂದೇ ಏಟಿಗೆ ನಾಲ್ವರನ್ನು ಉರುಳಿಸಿದ್ದನ್ನು ಮಾತಾಡುತ್ತಿದ್ದರು. ಅಂಥದ್ದೆಲ್ಲ ನೋಡಬಾರದು ಎಂದೆ. ಟೀಚರ್, ನೀವು ನೋಡೀರೇನ್ರಿ ಎಂದು ಒಬ್ಬಳು ಕೇಳಿದಳು. ನಾನೇನು ಹೇಳಲಿ? ನೋಡದೆಯೇ ಬೈಯುವ ವಿದ್ಯೆ ನಿನ್ನಿಂದಲೇ ಬಂದದ್ದು. ನಿಜ ಹೇಳುತ್ತೇನೆ, ಇನ್ನೊಂದು ಕಾರಣವೂ ಇತ್ತು. ದಾನು ಚಿಕ್ಕೋಡಿಯ ಥಿಯೇಟರಿನಲ್ಲಿ ಗೇಟ್ ಕಾಯುತ್ತಾನೆಂದು ನನಗೆ ವರ್ಷದ ಹಿಂದೆಯೇ ತಿಳಿದಿತ್ತು. ನಿನ್ನ ಕಸುಬು ಹಿಡಿದು ನಾನು ಹೊಲಿದ ಚಪ್ಪಲಿಯನ್ನು ಅಲ್ಲಿಯ ಮಾರ್ಕೆಟ್ಟಿಗೆ ಕೊಡಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಥಿಯೇಟರಿನ ರಸ್ತೆಯನ್ನೇ ತಪ್ಪಿಸಿ ತಿರುಗಿ ಬರುತ್ತಿದ್ದೆ. ಈ ಸಲ ತಪ್ಪಿಸಲಿಲ್ಲ.

ಟಿಕೆಟ್ ತಗೊಂಡೆ. ಗೇಟಿನಲ್ಲಿ ಬೇರೆ ಯಾರೋ ಇದ್ದ, ದಾನು ಕಾಣಲಿಲ್ಲ. ಒಳಗಿನಿಂದ ಹಾಡು ಕೇಳಿಸುತ್ತಿತ್ತು, ಕತ್ತಲೆ ಕಾಣುತ್ತಿತ್ತು, ಪ್ರಾರ್ಥನೆಗೆ ತಡವಾದವರ ಗಡಿಬಿಡಿ ನನಗೆ. ಆ ಗಡಿಬಿಡಿಯಲ್ಲಿ ಏನು ಮಾಡಿದೆ ಗೊತ್ತೇ? ಬಾಗಿಲ ಬಳಿ ಚಪ್ಪಲಿ ಬಿಟ್ಟೆ! ಜೋಡಿಸಿ, ಗೋಡೆಗೆ ಒತ್ತಿ, ಚರ್ಚಿನಲ್ಲಿ ಬಿಟ್ಟ ಹಾಗೆಯೇ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋದೆ. ಕಾಲಿಗೆ ಶೇಂಗಾ ಸಿಪ್ಪೆ ಚುಚ್ಚಿ, ಚೆಲ್ಲಿದ ಸೋಡಾ ಅಂಟಿದಾಗಲೇ ಎಚ್ಚರವಾದದ್ದು. ಅಷ್ಟರಲ್ಲಿ ಪರದೆಯ ಮೇಲೆ ಹೀರೋ ಬಂದುಬಿಟ್ಟ, ಹಿಂದಕ್ಕೆ ಹೋಗಲು ಮನಸ್ಸಾಗಲಿಲ್ಲ.

ಅಪ್ಪಾ, ಏನು ಹೊಡೆಯುತ್ತಾನಪ್ಪಾ ಅವನು! ಒಬ್ಬ ಕಲ್ಲುಕ್ವಾರಿಯ ಮಾಲೀಕ ಇರುತ್ತಾನೆ, ಆಳುಗಳನ್ನು ಕಾಲಿಗೆ ಸರಪಳಿ ಹಾಕಿ ದುಡಿಸುತ್ತಾನೆ. ಅವರನ್ನು ಬಿಡಿಸಲು ಹೀರೋ ಬರುತ್ತಾನೆ. ಮೊದಲರ್ಧ ಎಲ್ಲ ಹೊಡೆತವೇ. ಜೀಪು ಹಾರಿತು, ಗೋಡೆ ಒಡೆಯಿತು, ನನ್ನ ಪಕ್ಕದ ಅಜ್ಜ ಸಿಳ್ಳೆ ಹಾಕಿದ. ನಾನೂ ಒಮ್ಮೆ ಚಪ್ಪಾಳೆ ತಟ್ಟಿದೆ, ಕ್ಷಮಿಸು. ಬರಿಗೈಯಲ್ಲಿ ಸಿಂಹ ಸೀಳಿದ ಸಂಸೋನನನ್ನು ನೀನು ಹೇಳಿದ್ದಕ್ಕಿಂತ ಚೆನ್ನಾಗಿ ತೋರಿಸಿದ್ದಾರೆ ಅಂದುಕೊಂಡೆ.

ಇಂಟರ್‌ವಲ್ ಆದ ಮೇಲೆ ಬಂತು ನೋಡು. ಹೀರೋ ಎಷ್ಟು ಹೊಡೆದರೂ ಆಳುಗಳು ಎದ್ದು ಬರುವುದಿಲ್ಲ. ಹೊಡೆಯುವವನು ಯಾರಾದರೇನು, ಅವರಿಗೆ ಎಲ್ಲರನ್ನೂ ಕಂಡರೆ ಭಯ. ಗೇಟು ತೆರೆದೇ ಇದೆ, ನೀನು ಬೇಕಾದರೆ ಹೋಗು ಎಂದು ಮಾಲೀಕ ನಗುತ್ತಾನೆ. ಹೀರೋ ಗೇಟನ್ನು ನೋಡುತ್ತಾನೆ, ಸರಪಳಿಯಲ್ಲಿ ಕೂತ ಆಳುಗಳ ಸಾಲನ್ನು ನೋಡುತ್ತಾನೆ. ಬೂಟು ಬಿಚ್ಚುತ್ತಾನೆ. ಹೋಗಿ ಸಾಲಿನ ಕೊನೆಗೆ ಕೂತು, ಖಾಲಿ ಇದ್ದ ಕೊನೆಯ ಸರಪಳಿಗೆ ತಾನೇ ಕಾಲು ಕೊಡುತ್ತಾನೆ. ಆಗ ಯಾರ ಮುಖವನ್ನೂ ತೋರಿಸುವುದಿಲ್ಲ ಅಪ್ಪಾ, ಬರೀ ಕಾಲುಗಳು. ಒಡೆದ ಹಿಮ್ಮಡಿ, ಸೊಟ್ಟ ಬೆರಳು, ಒಂದಾದ ಮೇಲೊಂದು ಕಾಲು. ಸಿಳ್ಳೆ ಹಾಕುತ್ತಿದ್ದ ಅಜ್ಜ ತನ್ನ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ನಾನು ಹುಟ್ಟಿದಾಗಿನಿಂದ ಕಾಲುಗಳನ್ನೇ ನೋಡಿ ಬದುಕಿದವಳು, ನನಗೆ ಅಳು ಬಂತು. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ಕತೆಯನ್ನು ನೀನು ಚರ್ಮ ಕೊಯ್ಯುತ್ತ ಹೇಳುತ್ತಿದ್ದೆಯಲ್ಲ, ಸ್ವಾಮಿ ಎಲ್ಲ ಬಿಟ್ಟು ನಮ್ಮ ಕಸುಬಿನವರ ಹಾಗೆ ಕಾಲಿನ ಹತ್ತಿರ ಬಂದು ಕೂತ ಎಂದು? ಅದೇ ಕತೆ ಇದು. ಹೊಡೆದು ಬಿಡಿಸಲು ಆಗದವರ ಪಕ್ಕದಲ್ಲಿ ಬಂದು ಕೂತವನ ಕತೆ. ಎದ್ದು ನಿಂತು ಹಲ್ಲೆಲೂಯಾ ಅನ್ನಬೇಕೆನಿಸಿತು, ಸೆರಗು ಬಾಯಿಗಿಟ್ಟು ತಡೆದುಕೊಂಡೆ.

ಆಟ ಬಿಟ್ಟಾಗ ಬಾಗಿಲ ಬಳಿ ಚಪ್ಪಲಿ ಇರಲಿಲ್ಲ. ಹೋಯಿತು, ನೀನು ನನಗೆ ಹೊಲಿದ ಕೊನೆಯ ಜೋಡು ಎಂದುಕೊಂಡು ಗೋಡೆಯ ಬುಡವನ್ನೆಲ್ಲ ಹುಡುಕಿದೆ. ತಲೆಯೆತ್ತಿದರೆ, ಪೋಸ್ಟರಿನ ಕೆಳಗೆ ಸ್ಟೂಲಿನ ಮೇಲೆ ಒಬ್ಬ ಕೂತಿದ್ದಾನೆ. ಕಾಲಿಗೆ ಕರಿ ಬೂಟು, ಕಿವಿಯ ಬಳಿ ನರೆ. ನನ್ನ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾನೆ.

"ಥೇಟರಿನ್ಯಾಗ ಯಾರರ ಚಪ್ಪಲಿ ಬಿಡ್ತಾರೇನಕ್ಕಾ?" ಎಂದ. ಧ್ವನಿ ನಿನ್ನದೇ.

ಮನೆಗೆ ಬಾ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಮೂರು ಗಂಟೆಯ ಆಟಕ್ಕೆ ನನ್ನ ಬಾಜೂಕ ಕುಂದರ್ತಿಯೇನು ಎಂದು ಕೇಳಿದೆ. ಅವನು ನಕ್ಕ. ಜನರನ್ನು ಒಳಗೆ ಬಿಟ್ಟು, ಕೊನೆಯ ಸಾಲಿಗೆ ಬಂದು ಕೂತ. ಅದೇ ಸಿನಿಮಾವನ್ನು ಎರಡನೆಯ ಸಲ ನೋಡಿದೆ ಅಪ್ಪಾ, ಒಂದೇ ದಿನ! ಸರಪಳಿಯ ಜಾಗ ಬಂದಾಗ ದಾನು ಏಳಲು ಹೋದ. ದಿನಾ ಈ ಹೊತ್ತಿಗೆ ಹೊರಗೆ ಹೋಗುತ್ತಾನಂತೆ, ನೋಡಲು ಆಗುವುದಿಲ್ಲವಂತೆ. ನಾನು ಕೈ ಹಿಡಿದು ಕೂರಿಸಿದೆ. ಪರದೆಯ ಮೇಲಿನ ಕಾಲುಗಳನ್ನು ನೋಡುತ್ತಲೇ ಹೇಳಿದ:

"ಅವತ್ತ ಅಪ್ಪ ಒಳಗ ಬಂದು ನನ್ನ ಬಾಜೂಕ ಕುಂತಿದ್ರ, ನಾನ ಎದ್ದು ಮನಿಗೆ ಬರ್ತಿದ್ನಿ ಅಕ್ಕಾ."

ಸಿಟ್ಟಾಗಬೇಡ. ತಪ್ಪಿಹೋದ ಕುರಿಯ ಕತೆಯನ್ನು ನಮ್ಮೂರಲ್ಲಿ ನಿನ್ನಷ್ಟು ಚೆಂದ ಹೇಳಿದವರಿಲ್ಲ. ಆ ಕುರುಬ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ ಎನ್ನುವಾಗ ನೀನೇ ಕಂಬಳಿ ಹೆಗಲಿಗೆ ಹಾಕಿಕೊಂಡು ತೋರಿಸುತ್ತಿದ್ದೆ. ನಿನ್ನ ಕುರಿಯ ಸರದಿ ಬಂದಾಗ ಮಾತ್ರ ಅದು ಯಾಕೆ ಮರೆತುಹೋಯಿತು? ಇದನ್ನು ನೀನಿದ್ದಾಗ ಕೇಳುವ ಧೈರ್ಯ ನನಗಿರಲಿಲ್ಲ.

ಆದರೆ ನಿನ್ನ ಪರವಾಗಿಯೂ ಒಂದು ಸಾಕ್ಷಿ ಹೇಳಿದೆ. ಅವತ್ತು ರಾತ್ರಿ ನೀನು ಆ ಅರ್ಧ ಚಪ್ಪಲಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ಚರ್ಮವನ್ನು ಹಿತ್ತಲಲ್ಲಿ ಹೂತದ್ದನ್ನು ನಾನು ನೋಡಿದ್ದೆ. ಒಂದು ತುಂಡು ಚರ್ಮವನ್ನೂ ವ್ಯರ್ಥ ಮಾಡದವನು ನೀನು. ಆಮೇಲೆ ಪ್ರತಿ ಭಾನುವಾರ ಚಪ್ಪಲಿ ಸಾಲಿನ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿನಿಂದ ನೋಡಿಕೊಂಡು ಬರುತ್ತಿದ್ದೆ. ಇದನ್ನೆಲ್ಲ ದಾನುವಿನ ಕಿವಿಯಲ್ಲಿ ಹೇಳಿದೆ. ಪರದೆಯ ಮೇಲೆ ಆಳುಗಳೆಲ್ಲ ಒಟ್ಟಿಗೆ ಎದ್ದು ಸರಪಳಿ ಎಳೆಯುತ್ತಿದ್ದರು, ಜನ ಕುಣಿಯುತ್ತಿದ್ದರು, ಇವನು ಮುಖ ಮುಚ್ಚಿಕೊಂಡು ಕೂತಿದ್ದ. ಆರರ ಬಸ್ಸಿಗೆ ನನ್ನನ್ನು ಹತ್ತಿಸಿದ. ಬರುತ್ತೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಮಕ್ಕಳಿಗೆ ಆ ಕತೆ ಹೇಳಿದೆ. ಮಕ್ಕಳಿಗೆಂದು ಶುರು ಮಾಡಿದೆ, ದೊಡ್ಡವರೂ ಹತ್ತಿರ ಸರಿದರು. ಜೀಪು ಹಾರಿದ್ದನ್ನೂ ಬಿಡಲಿಲ್ಲ. ಸಭೆಯ ಹಿರಿಯರಾದ ಯೋಹಾನ ಕಾಕಾ ಎದ್ದು ನಿಂತರು. ದೇವರ ಮನೆಯಲ್ಲಿ ಸಿನಿಮಾ ಕತೆಯೇ, ನಿಮ್ಮಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ನಿನ್ನ ಹಾಗೆ ಬಾಗಿಲ ಕಡೆ ನೋಡಿದೆ. ಅಪ್ಪಾ, ಚಪ್ಪಲಿ ಸಾಲಿನ ಕೊನೆಗೆ ಒಂದು ಜೊತೆ ಕರಿ ಬೂಟು. ಜೋಡಿಸಿ, ಗೋಡೆಗೆ ಒತ್ತಿ ಬಿಟ್ಟಿತ್ತು. ಹಿಂದಿನ ಕಂಬದ ಬಳಿ ದಾನು ಚಕ್ಕಳಮಕ್ಕಳ ಹಾಕಿ ಕೂತಿದ್ದ. ನಾನು ಬೆರಳು ತೋರಿಸಿದೆ ಅಷ್ಟೆ. ಯೋಹಾನ ಕಾಕಾ ತಿರುಗಿ ನೋಡಿದರು, ಹೋಗಿ ಅವನ ಪಕ್ಕದಲ್ಲಿ ಕೂತರು.

ಮನೆಗೂ ಬಂದ. ಊಟವಾದ ಮೇಲೆ ನಾನು ಅವನ ಕಾಲಿನ ಅಳತೆ ತೆಗೆಯಲು ಹಳೆಯ ಕ್ಯಾಲೆಂಡರ್ ಹಾಳೆ ಹಾಸಿ ಪೆನ್ಸಿಲ್ ಹಿಡಿದೆ. ಬೂಟಿನವನಿಗೆ ಚಪ್ಪಲಿ ಯಾಕಕ್ಕಾ ಎಂದ. ಅಂದನೇ ಹೊರತು ಹಾಳೆಯ ಮೇಲೆ ಕಾಲು ಊರಿದ. ನೀನು ಎಲ್ಲರ ಅಳತೆ ತೆಗೆದಿಟ್ಟ ಕಟ್ಟಿನಲ್ಲಿ ಅವನ ಹದಿನೈದನೆಯ ವರ್ಷದ ಕಾಲು ಹುಡುಕಿ ತೆಗೆದು ಇಟ್ಟುನೋಡಿದೆ, ಎರಡು ಬೆರಳಷ್ಟು ಬೆಳೆದಿದೆ. ಮತ್ತೆ ಯಾಕೋ ನಿನ್ನ ಕಾಲಿನ ಹಾಳೆಯನ್ನೂ ತೆಗೆದೆ. ಅದನ್ನೂ ದಾನುವಿನ ಹೊಸ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆವು. ಗೀಟು ಗೀಟಿಗೆ ಕೂಡಿತು ಅಪ್ಪಾ, ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ.

ಚರ್ಮ ನೆನೆಹಾಕಿದ್ದೇನೆ. ಕ್ರಿಸ್ಮಸ್ಸಿನೊಳಗೆ ನಿನ್ನ ಅಳತೆಯ ಮೇಲೆಯೇ ಅವನ ಜೋಡು ಹೊಲಿದು ಮುಗಿಸುತ್ತೇನೆ.

ನಿನ್ನ ಎಸ್ತು