ಡಬ್ಬಿಯ ಕೂಗು, ಅವ್ವನ ಕಾಲು

ಭಾಗ್ಯನಗರ, ಕೊಪ್ಪಳ
19-4-2003

ಪ್ರೀತಿಯ ಹಾಲೇಶಣ್ಣನಿಗೆ,

ತಂಗಿ ಮಹೇಶ್ವರಿಯ ನಮಸ್ಕಾರ. ಆರಾಮ ಇದ್ದೀಯಾ? ಬಲೆಯ ಹಗ್ಗ ಸುತ್ತಿ ಬೆರಳಿನ ಉಗುರು ಹೋಯಿತೆಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಹೊಸ ಉಗುರು ಬಂತೇ? ಉಪ್ಪುನೀರಿಗೆ ಗಾಯ ಬೇಗ ಒಣಗುತ್ತದೆ ಎಂದು ನಮ್ಮವರು ಹೇಳುತ್ತಾರೆ. ಅವರು ಸಮುದ್ರ ಕಂಡವರೇ ಅಲ್ಲ, ಆದ್ದರಿಂದ ಅವರ ಮಾತನ್ನು ನಂಬಿ ಕೂರಬೇಡ, ಮುಲಾಮು ಹಚ್ಚಿಕೋ. ನಿನ್ನ ಸೊಸೆ ದೀಪಿಕಾ ಚೆನ್ನಾಗಿದ್ದಾಳೆ. ದೀಪಾವಳಿಗೆ ಬಂದಾಗ ನಿನ್ನ ಮೀಸೆ ನೋಡಿ ಹೆದರಿದ್ದಳಲ್ಲ, ಈಗಲೂ "ಮಾಮಾನ ಬಾಯಿ ಎಲ್ಲೈತಿ?" ಎಂದು ಕೇಳುತ್ತಾಳೆ. ಇನ್ನು ತವರಿನ ಪಕ್ಕದ ಮನೆಯ ಯಂಕವ್ವನಿಗೆ ನೀನಿರುವ ಮಂಗಳೂರೆಂದರೆ ಇವತ್ತಿಗೂ ನಮ್ಮ ಯಲಬುರ್ಗಾ ಕಡೆಯ ಮಂಗಳೂರೇ. "ಅಲ್ಲಿ ಕುಡಿಯಾಕ ನೀರು ಸಿಕ್ರ ಸಾಕಾಗೈತಿ, ಹಾಲೇಶ ಎಲ್ಲಿ ದೋಣಿ ನಡಸ್ತಾನವ್ವಾ?" ಎಂದು ಮೊನ್ನೆಯೂ ಕೇಳಿದಳು. ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು.

ಯುಗಾದಿಗೆಂದು ತವರಿಗೆ ಹೋದವಳು ಹದಿನೈದು ದಿನ ಇದ್ದು ನಿನ್ನೆ ಬಂದೆ. ಹೊರಡುವ ಮುಂದೆ ಅಪ್ಪನೊಂದಿಗೆ ಆಡಿದ ಮಾತೊಂದಿದೆ, ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ಪತ್ರಕ್ಕೆ ಉತ್ತರ. ಬೋಟಿನ ಮಾಲೀಕರು ನಿನ್ನನ್ನು ಕಾಯಂ ಇಟ್ಟುಕೊಳ್ಳುತ್ತಾರೆಂದೂ, ಜೂನ್‌ನಲ್ಲಿ ಮೀನುಗಾರಿಕೆ ನಿಂತಾಗಲೂ ಊರಿಗೆ ಬಾರದೆ ಅಲ್ಲೇ ಬೋಟು ರಿಪೇರಿ ಮಾಡುತ್ತ ಇದ್ದುಬಿಡುತ್ತೇನೆಂದೂ ಬರೆದಿದ್ದೀಯ. ಯಾಕೆಂದು ನೀನು ಬರೆಯದಿದ್ದರೂ ನನಗೆ ಗೊತ್ತು. ದೀಪಾವಳಿ ಮುಗಿಸಿ ಹೊರಟಾಗ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ತುಂಬಿಕೊಂಡು ನೀನೇ ಹೇಳಿದ್ದೆ. ಹಿಂದಿನ ಸಂಜೆ ದೋಣಿಯಲ್ಲಿ ನೀವಿಬ್ಬರೇ ಇದ್ದಾಗ ಅಪ್ಪನ ಹಿಂದೆ ಕೂತು "ಅಪ್ಪಾ, ನಾ ವಾಪಸ್ ಬಂದುಬಿಡ್ಲೇನು?" ಎಂದು ಕೇಳಿದೆಯಂತೆ. ಅಪ್ಪ ಹೊರಳಿಯೂ ನೋಡಲಿಲ್ಲವಂತೆ. "ದೋಣಿ ಬಿಟ್ಟು ಹೋದಂವ ಅಂತ ಅಪ್ಪಗ ಇನ್ನೂ ಸಿಟ್ಟು ಐತಿ. ನಾ ಅವಗ ಬ್ಯಾಡಾಗೀನಿ" ಎಂದಿದ್ದೆ. ಅಂದಿನಿಂದ ಅಪ್ಪನಿಗೆ ಒಂದು ಸಾಲೂ ಬರೆದಿಲ್ಲ ನೀನು. ನಾನೂ ನೀನು ಹೇಳಿದ್ದನ್ನು ನಂಬಿ ಐದು ತಿಂಗಳು ಅಪ್ಪನ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದೆ.

ಈಗ ದೀಪಾವಳಿಗೆ ನೀನು ತಂದು ದೋಣಿಗೆ ಹಚ್ಚಿದ, ನೀರಿನ ಆಳ ಅಳೆಯುವ ಡಬ್ಬಿಯ ಸಮಾಚಾರ. ಅದರ ಬಗ್ಗೆ ಅಪ್ಪ ಮೊದಲು ಬರೆಸಿದ್ದು ಇಷ್ಟೇ: "ಡಬ್ಬಿ ಕೆಟ್ಟೈತಿ. ಒದರೂದಿಲ್ಲ. ತಗೊಂಡು ಹೋಗು." ಇದನ್ನು ಬರೆದು ಸಹಿ ಮಾಡಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಡಬ್ಬಿ ಕೆಟ್ಟಿಲ್ಲ ಅಣ್ಣಾ. ನಾನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ.

ಅವತ್ತು ಅವ್ವ ಮನೆಯಲ್ಲಿ ಇರಲಿಲ್ಲ. ಸಿದ್ದಾಪುರದಲ್ಲಿ ಮಾವನ ಬಸುರಿ ಮಗಳ ಕುಬುಸವೆಂದು ಎರಡು ದಿನ ಹೋಗಿದ್ದಳು. ನಾನು ದೀಪಿಕಾಳನ್ನು ಕರೆದುಕೊಂಡು ಆಚೆ ದಂಡೆಯ ಸಂತೆಗೆ ಹೋಗಿ ಅಪ್ಪನ ದೋಣಿಯಲ್ಲೇ ವಾಪಸು ಬರುತ್ತಿದ್ದೆ. ಅಪ್ಪನನ್ನೂ ಸೇರಿಸಿ ಹನ್ನೊಂದು ಜನ. ಹಿನ್ನೀರು ಬಹಳ ಇಳಿದಿದೆ ಈ ವರ್ಷ. ಮುಳುಗಿದ ಹಳೇ ಊರಿನ ಗುಡಿ ಕಟ್ಟೆ ಎಲ್ಲಿದೆ, ಕಣ ಎಲ್ಲಿತ್ತು ಎಂಬುದು ಅಪ್ಪನಿಗೆ ನಮ್ಮ ಮನೆಯ ಅಡುಗೆಮನೆಯಷ್ಟೇ ಗೊತ್ತು. ಆರು ವರ್ಷದವನಿದ್ದಾಗ ಆಡಿದ ಜಾಗವಲ್ಲವೇ. ಗುಡಿ ಕಟ್ಟೆಯನ್ನು ಸರಿಯಾಗಿಯೇ ತಪ್ಪಿಸಿ ದೂರದಿಂದ ತಿರುಗಿಸಿದ. ಆದರೆ ಕಟ್ಟೆ ನಿಂತಲ್ಲೇ ನಿಂತರೂ ಹೂಳು ನಿಲ್ಲುತ್ತದೆಯೇ? ಅದು ವರ್ಷಾ ವರ್ಷ ಸರಿಯುತ್ತದೆ. ಕಟ್ಟೆಯಿಂದ ಮೂಡಣಕ್ಕೆ ದೊಡ್ಡ ದಿಬ್ಬವೇ ಬೆಳೆದಿದೆ, ಅದು ಅಪ್ಪನ ನೆನಪಿನಲ್ಲಿ ಇಲ್ಲ.

ನೀನು ನಾಲ್ಕು ಅಡಿಗೆ ಇಟ್ಟು ಹೋಗಿದ್ದೆಯಲ್ಲ, ದೋಣಿಯ ತಳದ ಕೆಳಗೆ ನಾಲ್ಕು ಅಡಿಗಿಂತ ಕಡಿಮೆ ನೀರು ಉಳಿದರೆ ಒದರುತ್ತದೆ, ಒದರಿದ ಕೂಡಲೇ ಇಂಜಿನ್ ಸಣ್ಣ ಮಾಡಿ ಆಳದ ಕಡೆ ತಿರುಗಿಸಬೇಕು ಎಂದು. ಹಾಗೆಯೇ ಒದರಿತು. ಸಣ್ಣ ದನಿಯಲ್ಲಿ ಕೀಂ ಕೀಂ ಕೀಂ ಎಂದು, ಬಿಡದೆ. ಅದರ ಮೇಲಿನ ಅಂಕಿ ನಾಲ್ಕರಿಂದ ಮೂರಕ್ಕೆ ಬಂತು, ಎರಡಕ್ಕೆ ಬಂತು. ಅಪ್ಪ ಆಚೆಯ ಗುಡ್ಡ ನೋಡುತ್ತ ಆರಾಮಾಗಿ ಚುಕ್ಕಾಣಿ ಹಿಡಿದು ಕೂತಿದ್ದ. ಬಳೆ ಮಾರುವ ಇಮಾಮಬಾನು ಹಿಂದಿನಿಂದ "ಮಾರೆಪ್ಪಣ್ಣಾ, ಡಬ್ಬಿ ಒದರಾಕತ್ತೈತಿ ನೋಡ್ರಿ!" ಎಂದು ಕೂಗಿದಳು. ನಾನು ಏಳುವಷ್ಟರಲ್ಲಿ ದೋಣಿ ಹೂಳಿನ ಮೇಲೆ ಹತ್ತಿ ಗಕ್ಕನೆ ನಿಂತಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ದೀಪಿಕಾಳ ತುಟಿ ಒಡೆಯಿತು, ಇಮಾಮಬಾನುವಿನ ಅರ್ಧ ಬುಟ್ಟಿ ಬಳೆ ಚೂರಾಯಿತು. ಗಂಡಸರು ಮೊಣಕಾಲುದ್ದ ನೀರಿಗಿಳಿದು ನೂಕಿ ಬಿಡಿಸಿದರು. ಅಪ್ಪ ಎಲ್ಲರ ಮುಖ ನೋಡಿ "ಡಬ್ಬಿ ಒದರಲೇ ಇಲ್ಲಲ" ಎಂದ. ಗಂಡಸರು ಒದ್ದೆ ಪಂಚೆ ಹಿಂಡತೊಡಗಿದರು. ಕಡೆಗೆ ಇಮಾಮಬಾನುವೇ ಅವನ ಎದುರಿಗೆ ಬಂದು "ಹೌದ್ರಿ ಅಣ್ಣಾ, ಒದರಲಿಲ್ಲ ನೋಡ್ರಿ" ಎಂದಳು. ಕೂಗಿ ಹೇಳಿದವಳೇ ಹೀಗೆ ಸುಳ್ಳಾಡುವುದೇ ಎಂದು ನನಗೆ ಮೈ ಉರಿಯಿತು. ಆಕೆಗೆ ತಿಳಿದದ್ದು ಹೊಟ್ಟೆಯ ಮಗಳಾದ ನನಗೆ ತಿಳಿದಿರಲಿಲ್ಲ.

ಮರುದಿನ ಅವ್ವ ಬಂದಳು. ಸುದ್ದಿ ಕೇಳಿ ಮಡಿಲಲ್ಲಿದ್ದ ಕುಬುಸದ ಅಡಿಕೆ ಎಲೆಯನ್ನೂ ಇಳಿಸದೆ ಕೂತುಬಿಟ್ಟಳು. ನಾನು ಬಿಡದೆ ಕೇಳಿದಾಗ ಬಾಯಿ ಬಿಟ್ಟಳು. "ಇಪ್ಪತ್ತು ವರ್ಷ ಆ ಇಂಜಿನ್ ಮಗ್ಗಲಾಗ ಕುಂತಾನವ್ವ. ಮೊದಲು ಸಣ್ಣ ಸಪ್ಪಳ ಕೇಳದಂಗಾತು, ಈಗ ದೊಡ್ಡುವೂ ಹೊಂಟಾವ. ಎದುರಿಗೆ ಕುಂತು ಮಾತಾಡಿದ್ರ ತುಟಿ ನೋಡಿ ತಿಳ್ಕೊಂತಾನ. ಕಿವುಡನ ದೋಣಿ ಯಾರು ಹತ್ತತಾರ?" ಎಂದಳು. ನಾಲ್ಕು ವರ್ಷದಿಂದ ಅವ್ವ ಮೀನಿನ ಬುಟ್ಟಿ ಇಟ್ಟುಕೊಂಡು ದಿನಾ ದೋಣಿಯಲ್ಲಿ ಅಪ್ಪನ ಎದುರಿಗೇ ಕೂರುತ್ತಾಳಲ್ಲ, ಅದು ಮೀನು ಮಾರುವುದಕ್ಕಲ್ಲ. ಯಾರಾದರೂ ಕರೆದರೆ, ಎದುರು ದೋಣಿ ಬಂದರೆ, ಈಗ ನಿನ್ನ ಡಬ್ಬಿ ಒದರಿದರೆ, ಅವಳು ತನ್ನ ಕಾಲಿನಿಂದ ಅಪ್ಪನ ಕಾಲನ್ನು ಒತ್ತುತ್ತಾಳೆ. ಅಪ್ಪ ಎಚ್ಚರಾಗುತ್ತಾನೆ. ನಾನದನ್ನು ನೋಡಿದ್ದೆ ಕೂಡ. ಮುದುಕರಾಗುವ ಹೊತ್ತಿಗೆ ಇಬ್ಬರಿಗೂ ಪ್ರೀತಿ ಉಕ್ಕಿದೆ ಎಂದು ಅವ್ವನಿಗೆ ಚೇಷ್ಟೆ ಮಾಡಿದ್ದೆ. ಅವ್ವ ನಕ್ಕು ಮೀನಿನ ಬುಟ್ಟಿ ಎತ್ತಿಕೊಂಡಿದ್ದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಹನ್ನೊಂದು ಜನರ ಜೀವ ನಿನ್ನ ಕಾಲ ಹೆಬ್ಬೆರಳಿನ ಮೇಲೆ ನಿಂತಿತ್ತಲ್ಲ, ನೀನು ಜ್ವರ ಬಂದು ಮಲಗಿದರೆ ಗತಿಯೇನು ಎಂದು ಅವ್ವನಿಗೆ ಜೋರಾಗಿಯೇ ಬೈದೆ. ಅಂಗಳದಲ್ಲಿ ಅಪ್ಪ ಬಲೆ ಹೊಲಿಯುತ್ತ ನಮಗೆ ಬೆನ್ನು ಮಾಡಿ ಕೂತಿದ್ದ. ಅಷ್ಟು ಕೂಗಾಡಿದರೂ ಹೊರಳಿ ನೋಡಲಿಲ್ಲ.

ಆಮೇಲೆ ಒಂದು ದಾರಿ ಹೊಳೆಯಿತು. ನಮ್ಮ ಭಾಗ್ಯನಗರದಲ್ಲಿ ರೇಡಿಯೋ ರಿಪೇರಿ ಮಾಡುವ ಇಬ್ರಾಹಿಂಸಾಬರನ್ನು ನಮ್ಮವರು ಅಲ್ಲಿಗೆ ಕರೆತಂದರು. ಡಬ್ಬಿ ಒದರಿದಾಗ ಹತ್ತುವ ಹಾಗೆ ಅವರು ಒಂದು ಕೆಂಪು ಬಲ್ಬು ಜೋಡಿಸಿ ಅಪ್ಪನ ಕಣ್ಣಿಗೆ ನೇರವಾಗಿ ಕಟ್ಟಿದರು. ಅಪ್ಪನಿಗೆ ಯಾರೂ ಏನೂ ವಿವರಿಸಲಿಲ್ಲ. ಅಪ್ಪ ದೋಣಿಯನ್ನು ಬೇಕೆಂದೇ ದಂಡೆಗೆ ತಂದ, ಬಲ್ಬು ಹತ್ತಿತು. ಹಿಂದಕ್ಕೆ ತೆಗೆದ, ಆರಿತು. ಹೀಗೆ ಮೂರು ಸಲ ಮಾಡಿದ. ಈಗ ದೋಣಿ ಹತ್ತಿದವರಿಗೆಲ್ಲ "ಮಂದಿಗೆ ಕಾಣ್ಲಿ ಅಂತ ಹಚ್ಚೀವ್ರಿ" ಎಂದು ಹೇಳುತ್ತಾನಂತೆ. ಹೇಳಿಕೊಳ್ಳಲಿ ಬಿಡು. ಅವ್ವನೂ ಎದುರಿಗೆ ಕೂರುವುದನ್ನು ಬಿಟ್ಟಿಲ್ಲ. ಅವಳಿಲ್ಲದ ದಿನ ದೋಣಿ ಬಿಡಬಾರದೆಂದು ನಾನು ಅಪ್ಪನಿಂದ ಮಾತು ತೆಗೆದುಕೊಂಡಿದ್ದೇನೆ. ಮುಂದಿನ ವಾರ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಬರುತ್ತಾನೋ ಇಲ್ಲವೋ, ನಿನ್ನ ಅಪ್ಪನ ಹಟ ನಿನಗೇ ಗೊತ್ತು, ಅರ್ಧ ನಿನಗೂ ಬಂದಿದೆ.

ಅವ್ವ ನಿನ್ನ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ. ಅಲೆ ಜೋರಿದ್ದ ದಿನ ಕಡಲಿಗೆ ಇಳಿಯಬೇಡವೆಂದೂ ಹೇಳಿದ್ದಾಳೆ, ಅದು ನಿನ್ನ ಕೈಯಲ್ಲಿಲ್ಲ ಎಂದರೆ ಕೇಳುವುದಿಲ್ಲ. ಹುಲಿಗೆಮ್ಮ ತಾಯಿ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಮಹೇಶ್ವರಿ

ಮರೆತ ಮಾತು: ಕೊನೆಗೆ ಬರೆಯುತ್ತೇನೆ ಎಂದಿದ್ದೆನಲ್ಲ, ಅದು. ಅಂಚೆಗೆ ಹೊತ್ತಾಯಿತು, ನಮ್ಮವರು ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅಣ್ಣಾ, ವಾಪಸ್ ಬರಲೇ ಎಂದು ನೀನು ಕೇಳಿದ ಆ ಸಂಜೆ ಇಂಜಿನ್ ನಡೆಯುತ್ತಿತ್ತು, ನೀನು ಅಪ್ಪನ ಬೆನ್ನ ಹಿಂದಿದ್ದೆ. ನಿನ್ನೆ ಹೊರಡುವ ಮುಂದೆ ನಾನು ಅಪ್ಪನ ಎದುರಿಗೆ ಕೂತು "ವಾಪಸ್ ಬರ್ಲೇನು ಅಂತ ಅಣ್ಣ ಕೇಳಿದ್ರ ನೀ ಯಾಕ ಸುಮ್ನಿದ್ದಿ?" ಎಂದು ಕೇಳಿದೆ. ಇನ್ನೊಮ್ಮೆ ಹೇಳು ಎಂದ. ಹೇಳಿದೆ. "ಅಂವ ಕೇಳಿದ್ನಾ? ಯಾವಾಗ?" ಎಂದ. ದೀಪಾವಳಿಯ ಆ ಸಂಜೆಯದನ್ನೆಲ್ಲ ಹೇಳಿದೆ. ಆಮೇಲೆ "ಹೋಗೂ ಮುಂದ ಒಂದು ಮಾತೂ ಆಡ್ಲಿಲ್ಲ ಅಂತ ನಾನ ಅವನ ಮ್ಯಾಲೆ ಸಿಟ್ಟಾಗಿದ್ನೆಲ. ಬಾ ಅಂತ ಬರಿ" ಎಂದ. ಮಾಲೀಕರಿಗೆ ಹೂಂ ಅನ್ನಬೇಡ. ಜೂನ್‌ನಲ್ಲಿ ಬಾ, ಅಪ್ಪನ ಎದುರಿಗೆ ಕೂತು ಇನ್ನೊಮ್ಮೆ ಕೇಳು. ಬರುವ ಮೊದಲು ಆ ಮೀಸೆ ತೆಗೆಸು, ಅವನಿಗೆ ನಿನ್ನ ತುಟಿ ಕಾಣಬೇಕು.