ತೋಳಿನ ಗಂಟು

ಮಾರ್ಚ್ ೬, ೧೯೭೯. ಮಂಗಳೂರು. ಬೆಳಿಗ್ಗೆ ೮

ಇವತ್ತೂ ಲಾಡ್ಜಿನ ಉಪ್ಪುನೀರಿನ ಸ್ನಾನ. ಸೋಪು ನೊರೆಯೇ ಬರುವುದಿಲ್ಲ. ಪೂಜೆಗೆ ಅತ್ತೆ ಪಕ್ಕದ ಮನೆಯ ಬಾವಿಯಿಂದ ಒಂದು ಚೊಂಬು ಸಿಹಿನೀರು ಬೇಡಿ ತಂದರು.

ಕಿಟಕಿ ತೆಗೆದರೆ ಸಮುದ್ರ ಅಂತ ಚನ್ನಗಿರಿಯಲ್ಲಿ ಯಾರೋ ನಮ್ಮ ಯಜಮಾನರಿಗೆ ಹೇಳಿದ್ದರಂತೆ. ತೆಗೆದರೆ ಮೀನು ಒಣಹಾಕುವ ಅಂಗಳ. ಕತ್ತು ಹೊರಗೆ ಹಾಕಿ ಎಡಕ್ಕೆ ತಿರುಗಿದರೆ ಸಮುದ್ರ — ಒಂದು ಗೇಣು. ಅತ್ತೆ ಮೂಗಿಗೆ ಸೆರಗು ಹಿಡಿದೇ ಇರುತ್ತಾರೆ. ಬೆಡ್‌ಶೀಟು ಒದ್ದೆ, ಮುಗ್ಗಲು ನಾತ. ಇವರು ಕೌಂಟರಿನಲ್ಲಿ ಮತ್ತೆ ಜಗಳವಾಡಿ ಬಂದರು. ನಾಳೆ ಬದಲಾಯಿಸುತ್ತಾರಂತೆ. ಮೂರು ದಿನದಿಂದ ಅದೇ ನಾಳೆ.

ಬೇರೆ ಲಾಡ್ಜಿಗೆ ಹೋಗುವ ಹಾಗಿಲ್ಲ. ಹೆರಿಗೆ ಮಾಡಿಸುವ ಡಾಕ್ಟರಮ್ಮನ ಆಸ್ಪತ್ರೆ ಇಲ್ಲಿಂದ ನಾಲ್ಕು ಹೆಜ್ಜೆ. ಮೊದಲಿನ ಎರಡು ಕೂಸೂ ಬಸವಾಪಟ್ಟಣದ ಮನೆಯಲ್ಲೇ ಹುಟ್ಟಿದವು. ಒಂದೂ ಅಳಲಿಲ್ಲ. ಇದಾದರೂ ಅಳಬೇಕು.

ಎಂಟನೇ ತಿಂಗಳಲ್ಲಿ ಮಠದ ಅಯ್ನೋರು ಬಂದು ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟಿ ಹೋದರು. ನನ್ನದು ಕೊರಳಲ್ಲಿ. ಅದರದು ನನ್ನ ಎಡತೋಳಲ್ಲಿ, ಬಿಳಿ ಬಟ್ಟೆಯ ಗಂಟಿನಲ್ಲಿ. ಹುಟ್ಟುವ ತನಕ ನಾನು ಹೊರಬೇಕು. ಬಿಚ್ಚಬಾರದು.

ಮಾರ್ಚ್ ೭. ಮಧ್ಯಾಹ್ನ ೩

ಬಿಚ್ಚಿದೆ.

ಕೆಳಗಿನ ಊಟದ ಹಾಲ್‌ಗೆ ಇವರು ಕಾಫಿಗೆ ಕರೆದರು. ನಿನ್ನೆ ಪಕ್ಕದ ಟೇಬಲ್ಲಿನಲ್ಲೇ ಮೀನು ತಿನ್ನುತ್ತಿದ್ದರು. ಕೂಸಿನ ಲಿಂಗಕ್ಕೆ ಆ ಗಾಳಿ ತಾಗುವುದು ಬೇಡ ಅನ್ನಿಸಿತು. ನನ್ನದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ — ನಾನು ದೊಡ್ಡವಳು, ತಡೆದುಕೊಂಡೇನು. ಅದರದನ್ನು ಬಿಚ್ಚಿ ದಿಂಬಿನ ಕೆಳಗಿಟ್ಟೆ. ಹತ್ತೇ ನಿಮಿಷ.

ಬಂದು ನೋಡಿದರೆ ಮಂಚಕ್ಕೆ ಹೊಸ ಬೆಡ್‌ಶೀಟು. ಬೆಳ್ಳಗೆ, ಒಣಗಿದ್ದು. ನಾಲ್ಕು ದಿನ ಬೇಡಿದ್ದನ್ನು ಇವತ್ತೇ ಕೊಡಬೇಕಿತ್ತೇ? ಹಳೆಯವೆಲ್ಲ ಗಂಟು ಕಟ್ಟಿ ಧೋಬಿಗೆ ಹೋಗಿವೆ. ಕಸ ಗುಡಿಸುವ ಹೆಂಗಸನ್ನು ಕೇಳಿದೆ. ನನ್ನ ಮಾತು ಅವಳಿಗೆ ತಿಳಿಯದು, ಅವಳದು ನನಗೆ. ತೋಳು ತೋರಿಸಿದೆ. ಗಾಯವಾಗಿದೆ ಅಂದುಕೊಂಡು ಅರಿಸಿನ ತಂದುಕೊಟ್ಟಳು.

ಅತ್ತೆ ಮೆಟ್ಟಿಲು ಹತ್ತುವ ಸದ್ದು. ಅವರ ಎಲೆಯಡಿಕೆ ಚೀಲದಿಂದ ಲಿಂಗದಷ್ಟೇ ಗಾತ್ರದ ಒಂದು ಇಡೀ ಗೋಟಡಿಕೆ ತೆಗೆದೆ. ಕರ್ಚೀಫು ಹರಿದು ಅದನ್ನೇ ಸುತ್ತಿ ತೋಳಿಗೆ ಕಟ್ಟಿಕೊಂಡೆ.

ಶಿವನೇ, ನಾನು ಏನು ಮಾಡಿದೆ.

ಮಾರ್ಚ್ ೯. ಬೆಳಿಗ್ಗೆ ೧೧

ಅತ್ತೆ ದಿನಾ ಪೂಜೆ ಮುಗಿಸಿ ನನ್ನ ತೋಳಿನ ಗಂಟಿಗೆ ವಿಭೂತಿ ಹಚ್ಚುತ್ತಾರೆ. ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅಡಿಕೆಗೆ! ಈ ಪಾಪ ಯಾರ ತಲೆಗೆ? ನನ್ನ ತಲೆಗೇ ಬರಲಿ. ಹೊಟ್ಟೆಯಲ್ಲಿರುವುದಕ್ಕೆ ಬೇಡ.

ಬೆಡ್‌ಶೀಟಿನ ಜೊತೆ ಕಿವಿಯೋಲೆ ಹೋಗಿದೆ ಅಂತ ಸುಳ್ಳು ಹೇಳಿ ಇವರನ್ನು ಧೋಬಿಯ ಹತ್ತಿರ ಕಳಿಸಿದೆ. ಬರಿಗೈಯಲ್ಲಿ ಬಂದರು.

ಸಂಜೆ ೫

ಬೆಳಗಿನಿಂದ ಕೂಸು ಕದಲಿಲ್ಲ. ಡಾಕ್ಟರಮ್ಮ ಕೊಳವೆ ಇಟ್ಟು ಕೇಳಿದರು. ಬಡಿತ ಇದೆ, ನಿಧಾನ ಅಂದರು. ನಾಳೆಯೂ ಆಡದಿದ್ದರೆ, ನೋವು ಬಂದರೆ, ತಡಮಾಡದೆ ಬರಬೇಕಂತೆ. ಹೋದ ಸಲವೂ ಹೀಗೇ ಮೊದಲು ಸುಮ್ಮನಾಗಿದ್ದು. ಆಮೇಲೆ...

ಮಾರ್ಚ್ ೧೦. ಬೆಳಿಗ್ಗೆ ೭

ನೋವು ಶುರುವಾಗಿದೆ. ಇವರು ಕಾರು ತರಲು ಓಡಿದ್ದಾರೆ. ನೋವು ಬಿಟ್ಟಾಗ ಬರೆಯುತ್ತಿದ್ದೇನೆ, ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಅತ್ತೆಗೆ ಹೇಳಿಬಿಟ್ಟೆ. ಕಾಲು ಹಿಡಿದು ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡೆ. ಅತ್ತೆ ನನ್ನನ್ನು ಎಬ್ಬಿಸಿ ಮಂಚದ ಮೇಲೆ ಕೂರಿಸಿದರು.

"ಗೊತ್ತೈತೆ ಕಣವ್ವ. ಅಡಿಕೆ ಆರಿಸಿ ಕೈ ಸವೆಸಿದೋಳು ನಾನು. ಮುಟ್ಟಿದ ಕೂಡ್ಲೇ ತಿಳೀತು."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ.

"ಕೇಳಿದ್ರೆ ನೀ ಹೆದರ್ತಿದ್ದೆ. ನೀ ಹೆದರಿದ್ರೆ ಒಳಗಿರೋದೂ ಹೆದರ್ತೈತೆ. ಅದಕ್ಕೆ ಅಡಿಕೆಗೇ ಕೈ ಮುಗುದೆ."

ಹೇಳುತ್ತಲೇ ತಮ್ಮ ಕೊರಳಿನ ಲಿಂಗ ತೆಗೆದರು. ಐವತ್ತು ವರ್ಷ ಮೈಬಿಟ್ಟು ಇಳಿಯದ್ದು. ಅಡಿಕೆಯ ಗಂಟು ಬಿಚ್ಚಿ ಆ ಲಿಂಗವನ್ನು ನನ್ನ ತೋಳಿಗೆ ಕಟ್ಟಿದರು. ಬೇಡ, ಬೇಡ ಅಂತ ನಾನು ಗೋಳಾಡಿದೆ. ಲಿಂಗವಿಲ್ಲದೆ ಅತ್ತೆ ಹನಿ ನೀರು ಮುಟ್ಟುವವರಲ್ಲ. ಸಕ್ಕರೆ ಕಾಯಿಲೆ ಬೇರೆ. ಈಗಲೇ ತುಟಿ ಒಣಗಿದೆ.

"ಕೂಸು ಅತ್ತ ಮ್ಯಾಲೆ ಕುಡೀತೀನಿ ಬಿಡು."

ಕೆಳಗೆ ಹಾರ್ನ್ ಆಯಿತು. ಅತ್ತೆ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆದಿಲ್ಲ. ಅವರಿಗೂ ಭಯವೇ. ಕೂಸು ಇನ್ನೂ ಕದಲಿಲ್ಲ. ಇವರು ಮೆಟ್ಟಿಲು ಹತ್ತುತ್ತಿದ್ದಾರೆ. ಎಡಗಡೆ, ಪಕ್ಕೆಯ ಕೆಳಗೆ, ಈಗ ಏನೋ —