ಅತ್ತೆಯ ಬೆಳ್ಳಿ ಕರಡಿಗೆ

ನವೆಂಬರ್ 10, ಸೋಮವಾರ

ಯಾವ ಮಗ್ಗುಲಿಗೆ ಹೊರಳಿದರೂ ನಿದ್ದೆಯಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಬಾಣಾವರದಿಂದ ನಾದಿನಿ ಅರುಣಾ ಬಂದಿದ್ದಳು. ಊಟಕ್ಕೆ ಕೂತಾಗ ನಾನು ಮತ್ತೆ ಅದೇ ರಾಗ ಎಳೆದೆ. ಅತ್ತೆ ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಗೌರಿಹಬ್ಬಕ್ಕೆ ಬೀರು ತೆಗೆದಾಗ ಇರಲಿಲ್ಲ, ಮನೆಗೆಲಸದ ಕರಿಯಮ್ಮನನ್ನು ಬಿಟ್ಟರೆ ಆ ಕೋಣೆಗೆ ಇನ್ಯಾರು ಹೋಗುತ್ತಾರೆ ಎಂದೆ. ಅರುಣಾ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಅತ್ತಿಗೆ, ಅದು ಅವ್ವನ ಕೊರಳಲ್ಲೇ ಹೋಯ್ತಲ್ಲ. ಮಣ್ಣು ಮಾಡೋವಾಗ ಬೆಳ್ಳಿ ಬಿಚ್ಕೊಳ್ಳಿ ಅಂದ್ರು. ಬೇಡ, ಹಂಗೇ ಇರ್ಲಿ ಅಂದೋರು ನೀವೇ."

ಹೌದು, ನಾನೇ. ಅಳುವಿನಲ್ಲಿ ಆ ದಿನದ್ದೇನೂ ನೆನಪಿರಲಿಲ್ಲ. ಈಗ ನೋಡಿದರೆ, ಅತ್ತೆಯ ಕೊರಳಲ್ಲಿ ಶಿವದಾರದ ಗಂಟು ಸರಿಮಾಡಿದ್ದೂ ಕಣ್ಣಿಗೆ ಕಟ್ಟುತ್ತಿದೆ. ತೋಟದ ಮಣ್ಣಿನಡಿ ಇರುವುದನ್ನು ಎರಡೂವರೆ ತಿಂಗಳಿಂದ ಕರಿಯಮ್ಮನ ತಲೆಗೆ ಕಟ್ಟಿದ್ದೇನೆ. ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಎರಡು ಮನೆಯವರು ಅವಳನ್ನು ಕೆಲಸದಿಂದ ಬಿಡಿಸಿಯೇಬಿಟ್ಟರು.

ನಾನು ಕೇಳಿದ ದಿನ ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅವತ್ತಿನಿಂದ ಮನೆಗೆ ಹೊರಡುವಾಗ ಕೈಚೀಲದ ಬಾಯಿ ಅಗಲಿಸಿ ನನ್ನ ಮುಂದೆ ಹಿಡಿಯುತ್ತಾಳೆ, ಅಷ್ಟೇ.

ಇವತ್ತು ಸಂಜೆಯೂ ಹಿಡಿದಳು.

"ನೋಡ್ಕಳಿ ಅಮ್ಮಾರೆ. ನಾ ಬತ್ತೀನಿ."

ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಒಳಗೆ ಅರುಣಾ ಕೂತಿದ್ದಳು, ಅವಳಿಗೂ ಎಲ್ಲ ಕೇಳಿಸುತ್ತಿತ್ತು.

ನಾನು ಬಗ್ಗಿ ಚೀಲದೊಳಗೆ ನೋಡಿದೆ. ನೋಡಿ, "ಸರಿ, ಹೋಗು" ಅಂದೆ.